ಕೆರಿಯೋ ಕೇರಿಯೋ: ಹತ್ತೊಂಬತ್ತನೆಯ ಶತಮಾನದ ತತ್ತ್ವಪದ ಹಸ್ತಪ್ರತಿಗಳ ಬರವಣಿಗೆ ಮತ್ತು ತಿಂಥಣಿ–ಕಡಕೋಳ ಪರಿಸರದ ಕನ್ನಡ

ಸಾರಾಂಶ

ಹತ್ತೊಂಬತ್ತನೆಯ ಶತಮಾನದ ತತ್ತ್ವಪದಗಳು ಬಹುಮಟ್ಟಿಗೆ ಕೈಬರಹದ ಪ್ರತಿಗಳಲ್ಲಿ ಉಳಿದು ಬಂದಿವೆ. ಅವುಗಳ ಕಾಗುಣಿತವನ್ನು ಲಿಪಿಕಾರನ ಅಜ್ಞಾನವೆಂದು ಬಗೆದು ತಿದ್ದುವುದು ಗ್ರಂಥಸಂಪಾದನೆಯಲ್ಲಿ ರೂಢಿಯಾಗಿದೆ. ಈ ‘ತಪ್ಪು’ಗಳಲ್ಲಿ ಮೂರು ಬಗೆಗಳಿವೆಯೆಂದೂ, ಅವುಗಳಲ್ಲಿ ಒಂದು ಬಗೆ ಉತ್ತರ ಕರ್ನಾಟಕದ ಉಪಭಾಷೆಗಳ ಸ್ವರಚರಿತ್ರೆಗೆ ನೇರ ಆಧಾರವೆಂದೂ ಈ ಲೇಖನದಲ್ಲಿ ವಿವರಿಸಿದ್ದೇವೆ. ಪ್ರಾಸ, ವಿಪರೀತ ಕಾಗುಣಿತ ಮತ್ತು ಕಾಲೋಲ್ಲೇಖಗಳ ನೆರವಿನಿಂದ ಕವಿಯ, ಲಿಪಿಕಾರನ ಮತ್ತು ಹಾಡುಗಾರನ ನುಡಿಗಳನ್ನು ಬೇರ್ಪಡಿಸುವ ಕ್ರಮವನ್ನು ಸೂಚಿಸಿ, ಎರಡು ಪದರಗಳ ಸಂಪಾದನೆಯ ಅಗತ್ಯವನ್ನು ಪ್ರತಿಪಾದಿಸಿದ್ದೇವೆ.

ಪ್ರಮುಖ ಪದಗಳು: ತತ್ತ್ವಪದ, ಹಸ್ತಪ್ರತಿ, ಕಾಗುಣಿತ, ಪದಾಂತ್ಯ ಸ್ವರ, ಪ್ರಾಸ, ಉಪಭಾಷೆ, ಗ್ರಂಥಸಂಪಾದನೆ

1. ಪ್ರವೇಶ

ಒಂದು ತತ್ತ್ವಪದದ ಹಸ್ತಪ್ರತಿಯಲ್ಲಿ ‘ಕೆರಿ’ ಎಂಬ ಪದ ಕಂಡಿತೆಂದು ಭಾವಿಸೋಣ. ಸಂಪಾದಕನ ಮುಂದೆ ಎರಡು ದಾರಿಗಳಿವೆ. ಹಳೆಯ ಕೈಬರಹದಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ ಭೇದವಿಲ್ಲದ್ದರಿಂದ ಅದನ್ನು ‘ಕೇರಿ’ ಎಂದು ಓದಬಹುದು. ಆಗ ಅದು ಊರಿನ ಒಂದು ಭಾಗ. ಪದಾಂತ್ಯದ ಎಕಾರ ಇಕಾರವಾಗುವ ಉಪಭಾಷೆಯ ರೂಪವೆಂದು ಹಿಡಿದರೆ ಅದು ‘ಕೆರೆ’. ಆಗ ಅದು ನೀರಿನ ತಾಣ. ದೇಹವನ್ನು ಊರಾಗಿಯೂ ಮನಸ್ಸನ್ನು ಜಲಾಶಯವಾಗಿಯೂ ಕಾಣುವ ತತ್ತ್ವಪದಗಳ ಪರಿಭಾಷೆಯಲ್ಲಿ ಎರಡು ಅರ್ಥಗಳೂ ಸಲ್ಲುತ್ತವೆ. ಉಪಭಾಷೆಯ ಪರಿಚಯವಿಲ್ಲದ ಸಂಪಾದಕ ‘ಕೇರಿ’ ಎಂದು ತಿದ್ದಿ ಮುಂದೆ ಸಾಗುತ್ತಾನೆ. ಅಚ್ಚಾದ ಪುಸ್ತಕದಲ್ಲಿ ತಿದ್ದುಪಡಿಯ ಗುರುತೂ ಉಳಿಯುವುದಿಲ್ಲ. ಅಲ್ಲಿಗೆ ಒಂದು ರೂಪಕ ಬದಲಾಗುತ್ತದೆ. ಜೊತೆಗೆ ಒಂದು ಸ್ವರಪಲ್ಲಟದ ಸಾಕ್ಷ್ಯವೂ ಅಳಿಯುತ್ತದೆ.

ಇಂಥ ನಷ್ಟವನ್ನು ತಪ್ಪಿಸುವ ಓದಿನ ಕ್ರಮವೊಂದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಳನ್ನು ಪದಗಳ ಮಟ್ಟಕ್ಕೆ ಸೀಮಿತಗೊಳಿಸಿದ್ದೇವೆ. ಅವು ತರ್ಕವನ್ನು ತೋರಿಸಲು ನಾವು ಆರಿಸಿಕೊಂಡವು, ಯಾವುದೇ ಒಂದು ಪ್ರತಿಯಿಂದ ಉದ್ಧರಿಸಿದವಲ್ಲ.

2. ಪರಿಸರ ಮತ್ತು ಆಕರ

ಕೃಷ್ಣಾ ನದಿಯ ದಂಡೆಯ ಮೇಲಿರುವ ತಿಂಥಣಿಯು ಮೌನೇಶ್ವರನ ಕ್ಷೇತ್ರ. ಸಮೀಪದ ದೇವರಗೋನಾಲದಲ್ಲಿ ಹುಟ್ಟಿದನೆಂದು ಪರಂಪರೆ ಹೇಳುವ ಈ ವಚನಕಾರ ಹಿಂದೂಗಳಿಗೆ ಮೌನಪ್ಪಯ್ಯ, ಮುಸ್ಲಿಮರಿಗೆ ಮೌನುದ್ದೀನ. ಅವನು ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದಿನವನು. ಆದರೆ ಅವನ ವಚನಗಳನ್ನು ನಾವು ಓದುವುದು ಅವನ ಕಾಲಕ್ಕೆ ಬಹಳ ಈಚೆಗೆ ಪ್ರತಿ ಮಾಡಿದವರ ಕೈಬರಹದ ಮೂಲಕ. ಅದೇ ಸೀಮೆಯ ಕೊಡೇಕಲ್ಲು ಪರಂಪರೆಯಲ್ಲಿ ಕಾಲಜ್ಞಾನ ವಚನಗಳನ್ನು ‘ಅಮರಗನ್ನಡ’ವೆಂಬ ಗೂಢಲಿಪಿಯಲ್ಲಿ ಬರೆದಿಡುವ ಪದ್ಧತಿಯಿತ್ತು. ಬರವಣಿಗೆಯನ್ನು ಗುರು–ಶಿಷ್ಯರ ನಡುವಿನ ವ್ಯವಹಾರವೆಂದು ತಿಳಿದ ಪರಿಸರವಿದು.

ಇದರ ಉತ್ತರಕ್ಕೆ, ಇಂದಿನ ಕಲಬುರಗಿ ಜಿಲ್ಲೆಯ ಜೇವರ್ಗಿ ಸೀಮೆಯಲ್ಲಿ, ಕಡಕೋಳ ಮಡಿವಾಳಪ್ಪನವರ ಮಠವಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಬಾಳಿದ ಮಡಿವಾಳಪ್ಪನವರು ಮತ್ತು ಅವರ ಶಿಷ್ಯವರ್ಗದ ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲಸಾಹೇಬ, ತೆಲಗಬಾಳ ರೇವಪ್ಪ ಮೊದಲಾದವರು ಈ ಭಾಗದ ತತ್ತ್ವಪದ ಪರಂಪರೆಯನ್ನು ರೂಪಿಸಿದರು. ಪಶ್ಚಿಮದಲ್ಲಿ, ಧಾರವಾಡದ ಕಡೆಯ ಶಿಶುನಾಳ ಶರೀಫರು (1819–1889) ಇವರ ಕಿರಿಯ ಸಮಕಾಲೀನರು. ಈ ಪದಗಳು ಭಜನೆಯ ಮೇಳಗಳಲ್ಲಿ ಹಾಡುಗಳಾಗಿ, ಮಠ–ಮನೆಗಳಲ್ಲಿ ಹಸ್ತಪ್ರತಿಗಳಾಗಿ ಉಳಿದವು. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಸಮಗ್ರ ತತ್ತ್ವಪದಗಳ ಮಾಲೆಯನ್ನು ಪ್ರಕಟಿಸಿದ ಮೇಲೆ ಇವು ಓದುಗರಿಗೆ ಸುಲಭವಾಗಿ ದೊರೆಯುವಂತಾಗಿದೆ. ಪಠ್ಯಗಳು ಕೈಗೆ ಬಂದಿರುವುದರಿಂದಲೇ ಅವುಗಳ ಹಿಂದಿನ ಪ್ರತಿಗಳ ಭಾಷೆಯನ್ನು ಕೇಳುವ ಸಮಯ ಈಗ ಒದಗಿದೆ.

ಆಡಳಿತದ ಚರಿತ್ರೆಯೂ ಇಲ್ಲಿ ಮುಖ್ಯ. 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕನ ಪತನವಾದ ಮೇಲೆ ಸುರಪುರ ಸಂಸ್ಥಾನವು ಹೈದರಾಬಾದಿನ ನಿಜಾಮನ ಆಳ್ವಿಕೆಗೆ ಸೇರಿತು. ಅಲ್ಲಿ ಆಡಳಿತದ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಮುಂಬೈ ಪ್ರಾಂತ್ಯಕ್ಕೆ ಸೇರಿದ ಧಾರವಾಡದ ಕಡೆ ಸರಕಾರಿ ಕನ್ನಡ ಶಾಲೆಗಳೂ ಅಚ್ಚಿನ ಪಠ್ಯಪುಸ್ತಕಗಳೂ ಒಂದು ಬಗೆಯ ಏಕರೂಪದ ಕಾಗುಣಿತವನ್ನು ಹರಡುತ್ತಿದ್ದಾಗ, ಸುರಪುರ–ಶಹಾಪುರ ಸೀಮೆಯ ಲಿಪಿಕಾರ ಅಕ್ಷರ ಕಲಿತದ್ದು ಮಠದಲ್ಲಿ ಅಥವಾ ಗಾಂವಠಿ ಶಾಲೆಯಲ್ಲಿ. ಆದ್ದರಿಂದ ಅಚ್ಚಿನ ಕನ್ನಡದ ಒತ್ತಡಕ್ಕೆ ತಡವಾಗಿ ಸಿಕ್ಕ ಬರವಣಿಗೆಯನ್ನು ಈ ಭಾಗದ ಪ್ರತಿಗಳಲ್ಲಿ ನಿರೀಕ್ಷಿಸಬಹುದು. ಭಾಷಾಶಾಸ್ತ್ರಜ್ಞನಿಗೆ ಇದು ಕೊರತೆಯಲ್ಲ, ಅನುಕೂಲ.

3. ‘ತಪ್ಪು’ಗಳ ಮೂರು ಬಗೆ

ಪ್ರತಿಗಳಲ್ಲಿ ಕಾಣುವ ಅನಿಯತ ಬರವಣಿಗೆಯನ್ನು ಒಂದೇ ರಾಶಿಗೆ ಹಾಕಬಾರದು.

ಮೊದಲನೆಯದು ಬರವಣಿಗೆಯ ಪದ್ಧತಿ. ಎ–ಏ, ಒ–ಓಗಳ ನಡುವೆ ಭೇದ ತೋರಿಸದಿರುವುದು, ಪದಾದಿಯ ಎಕಾರಕ್ಕೆ ‘ಯೆ’, ಒಕಾರಕ್ಕೆ ‘ವೊ’ ಬರೆಯುವುದು, ಅನುಸ್ವಾರದ ಮುಂದೆ ವ್ಯಂಜನವನ್ನು ಇಮ್ಮಡಿಸಿ ‘ಬಂದ್ದು’, ‘ಯೆಂಬ್ಬ’ ಎನ್ನುವುದು, ಪದಗಳ ನಡುವೆ ತೆರಪು ಬಿಡದಿರುವುದು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಹಲವು ವಿಜಯನಗರ ಕಾಲದ ಶಾಸನಗಳಲ್ಲಿಯೂ ನಂತರದ ಕಡತಗಳಲ್ಲಿಯೂ ಇವೆ. ಇವು ಕನ್ನಡ ನಾಡಿಗೆಲ್ಲ ಹಬ್ಬಿದ ರೂಢಿಗಳು. ಇವುಗಳಿಂದ ಲಿಪಿಕಾರನ ಊರನ್ನಾಗಲಿ ಅವನ ಉಚ್ಚಾರವನ್ನಾಗಲಿ ಊಹಿಸುವುದು ಸಲ್ಲದು.

ಎರಡನೆಯದು ಕಲಿಕೆಯ ಅಂತರ. ಮಹಾಪ್ರಾಣಗಳು, ಶ–ಷ–ಸಗಳ ಭೇದ, ಋಕಾರ ಇವೆಲ್ಲ ಆಡುಮಾತಿನಲ್ಲಿ ನೆಲೆಯಿಲ್ಲದೆ ಬರಹದ ಮೂಲಕವೇ ಕಲಿಯಬೇಕಾದವು. ‘ಧರ್ಮ’ ‘ದರ್ಮ’ವಾಗುವುದು, ‘ಕೃಷ್ಣ’ ‘ಕ್ರುಷ್ಣ’ವಾಗುವುದು ಇದರಿಂದ. ಇದರ ಇನ್ನೊಂದು ಮುಖ ಅತಿಶುದ್ಧಿ: ‘ದೊಡ್ಡ’ ಎಂಬಲ್ಲಿ ‘ಧೊಡ್ಡ’, ‘ಬಹಳ’ ಎಂಬಲ್ಲಿ ‘ಭಹಳ’. ಈ ಪರಿಸರದಲ್ಲಿ ಇದಕ್ಕೆ ಮತ್ತೊಂದು ಆಯಾಮವಿದೆ. ಸೂಫಿ ಪರಿಭಾಷೆಯ ದಖನಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ‘ಖುದಾ’–‘ಕುದಾ’, ‘ಫಕೀರ’–‘ಪಕೀರ’ ಎಂಬಂಥ ಜೋಡಿಗಳು ಸಾಧ್ಯ. ಸಂಸ್ಕೃತ ಪದಗಳಲ್ಲಿ ಮಹಾಪ್ರಾಣ ಬಿಡುವ ಲಿಪಿಕಾರ ದಖನಿ ಪದಗಳಲ್ಲಿ ಅದನ್ನು ಉಳಿಸುತ್ತಾನೆಯೇ ಎಂಬುದು ಎಣಿಸಿ ನೋಡಬಹುದಾದ ಪ್ರಶ್ನೆ. ಉಳಿಸಿದ್ದರೆ ಅವನ ಕಿವಿಗೆ ದಖನಿ ಪರಿಚಿತವಿತ್ತೆಂದು ಹೇಳಲು ಒಂದು ಆಧಾರ ದೊರೆಯುತ್ತದೆ.

ಮೂರನೆಯದು ಉಪಭಾಷೆಯ ನುಡಿ ಬರವಣಿಗೆಯೊಳಗೆ ನುಸುಳುವುದು. ಈ ಲೇಖನದ ಕೇಂದ್ರ ಅದು.

4. ಬ್ಯಾಳಿಯ ಸಾಕ್ಷ್ಯ

ಉತ್ತರ ಕರ್ನಾಟಕದ ಉಪಭಾಷೆಗಳಲ್ಲಿ ಶಿಷ್ಟ ಕನ್ನಡದ ಪದಾಂತ್ಯ ಎಕಾರಕ್ಕೆ ಎರಡು ಗತಿಗಳಿವೆ. ನಾಮಪ್ರಕೃತಿಯ ಕೊನೆಯಲ್ಲಿ ಅದು ಇಕಾರ: ಮನೆ–ಮನಿ, ಆನೆ–ಆನಿ, ಕೆರೆ–ಕೆರಿ. ಪ್ರತ್ಯಯಗಳ ಹಾಗೂ ಕೆಲವು ಅವ್ಯಯಗಳ ಕೊನೆಯಲ್ಲಿ ಅದು ಅಕಾರ: ನನಗೆ–ನನಗ, ಬರುತ್ತಾನೆ–ಬರ್ತಾನ, ಮೇಲೆ–ಮ್ಯಾಲ. ಡೆಕ್ಕನ್ ಕಾಲೇಜಿನ ಕನ್ನಡ ಉಪಭಾಷಾ ಮಾಲೆಯಲ್ಲಿ ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡದ ವಿವರಣೆ (1968) ಪ್ರಕಟವಾದಾಗ ಇಂದಿನ ಯಾದಗಿರಿ ಜಿಲ್ಲೆ ಗುಲ್ಬರ್ಗಾ ಜಿಲ್ಲೆಯ ಭಾಗವೇ ಆಗಿತ್ತು. ಆ ಬಗೆಯ ವಿವರಣೆಗಳು ಇಪ್ಪತ್ತನೆಯ ಶತಮಾನದ ಮಾತನ್ನು ದಾಖಲಿಸುತ್ತವೆ. ಅದಕ್ಕಿಂತ ಹಿಂದಕ್ಕೆ ಹೋಗಲು ಹಸ್ತಪ್ರತಿಗಳನ್ನೇ ಆಶ್ರಯಿಸಬೇಕು.

ಇದರೊಂದಿಗೆ ಇನ್ನೊಂದು ಪಲ್ಲಟವಿದೆ. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದಾಗ ಏಕಾರ ಕೆಳಗಿಳಿದು ‘ಯಾ’ ಎಂದು ಬರೆಯಲಾಗುವ ವಿವೃತ ಸ್ವರವಾಗುತ್ತದೆ: ಬೇಡ–ಬ್ಯಾಡ, ಮೇಲೆ–ಮ್ಯಾಲ. ಓಕಾರಕ್ಕೂ ಇದು ಅನ್ವಯಿಸುತ್ತದೆ: ಕೋಣ–ಕ್ವಾಣ. ಮುಂದೆ ಇಕಾರ, ಉಕಾರಗಳಿದ್ದರೆ ಹಾಗಾಗುವುದಿಲ್ಲ: ಬೇಕು, ಬೇಲಿ, ಕೇಳಿ, ಕೋಳಿ ಬದಲಾಗದೆ ನಿಲ್ಲುತ್ತವೆ.

ಈಗ ‘ಬೇಳೆ’ಯನ್ನು ತೆಗೆದುಕೊಳ್ಳೋಣ. ಈ ಭಾಗದಲ್ಲಿ ಅದು ‘ಬ್ಯಾಳಿ’. ಪದಾಂತ್ಯದ ಎಕಾರ ಮೊದಲು ಇಕಾರವಾಗಿದ್ದರೆ ‘ಬೇಳಿ’ ಎಂಬ ರೂಪ ಬಂದು, ‘ಬೇಲಿ’ಯಂತೆಯೇ ಏಕಾರ ಉಳಿಯಬೇಕಾಗಿತ್ತು. ಏಕಾರ ವಿವೃತವಾಗಿರುವುದರಿಂದ, ಆ ಪಲ್ಲಟ ನಡೆದಾಗ ಪದದ ಕೊನೆಯಲ್ಲಿ ಇನ್ನೂ ಎಕಾರವೇ ಇತ್ತು ಎಂಬುದು ಖಚಿತ. ಅಂದರೆ ಕ್ರಮ ಹೀಗೆ: ಬೇಳೆ, ಬ್ಯಾಳೆ, ಬ್ಯಾಳಿ. ‘ಪೇಟೆ’ಯ ಕಥೆಯೂ ಇದೇ, ಅದು ‘ಪ್ಯಾಟಿ’ಯಾಗಿದೆ. ಮರಾಠಿಯ ಮೂಲಕ ಬಂದ ‘ಪೇಟಿ’ಯಾದರೋ ಹಾಗೆಯೇ ನಿಂತಿದೆ. ಹೀಗಾಗಿ ಸಂತೆಗೆ ಹೋಗುವ ಪ್ಯಾಟಿಗೂ ಭಜನೆಯಲ್ಲಿ ನುಡಿಸುವ ಪೇಟಿಗೂ ಇರುವ ವ್ಯತ್ಯಾಸ ಇಂದು ಸ್ವರ ಒಂದರದೇ. ಒಂದು ಕಾಲಕ್ಕೆ ಪರಿಸರವನ್ನು ಅವಲಂಬಿಸಿದ್ದ ಉಚ್ಚಾರಭೇದ, ಆ ಪರಿಸರ ಅಳಿದ ಮೇಲೆ, ಅರ್ಥಭೇದಕ ಧ್ವನಿಮಾ ಆಗಿದೆ.

ಈ ತರ್ಕ ನಮಗೆ ಸಾಪೇಕ್ಷ ಕಾಲಕ್ರಮವನ್ನು ಕೊಡುತ್ತದೆಯೇ ಹೊರತು ನಿರಪೇಕ್ಷ ಕಾಲವನ್ನಲ್ಲ. ‘ಬ್ಯಾಳೆ’ಯ ಹಂತ ಯಾವಾಗ ಮುಗಿಯಿತು? ಎರಡನೆಯ ಪಲ್ಲಟ ಎಲ್ಲ ಪದಗಳಲ್ಲಿ ಒಮ್ಮೆಗೇ ನಡೆಯಿತೇ, ಪದದಿಂದ ಪದಕ್ಕೆ ಹರಡಿತೇ? ಇವುಗಳಿಗೆ ಉತ್ತರ ಹೇಳಬಲ್ಲವು ಕಾಲ ತಿಳಿದ, ಊರು ತಿಳಿದ ಹಸ್ತಪ್ರತಿಗಳು ಮಾತ್ರ. ‘ಬ್ಯಾಳೆ’, ‘ಬ್ಯಾಳಿ’ ಎಂಬ ಎರಡನ್ನೂ ‘ಬೇಳೆ’ ಎಂದು ತಿದ್ದಿದ ಅಚ್ಚಿನ ಪಾಠದಲ್ಲಿ ಆ ಉತ್ತರವನ್ನು ಹುಡುಕುವುದು ವ್ಯರ್ಥ.

5. ಯಾರ ನುಡಿ?

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಪ್ರತಿಯಲ್ಲಿ ‘ಮನಿ’ ಎಂದಿದ್ದರೆ ಅದು ಕವಿಯ ರೂಪವೇ, ಅಥವಾ ಪ್ರತಿ ಮಾಡಿದವನದೇ? ಹಾಡುಗಾರನ ಬಾಯಿಂದ ಕೇಳಿ ಬರೆದಿದ್ದರೆ ಮೂರನೆಯವನ ನುಡಿಯೂ ಸೇರುತ್ತದೆ. ಹಾಗೆಯೇ ‘ಮನೆ’ ಎಂದಿದ್ದ ಮಾತ್ರಕ್ಕೆ ಲಿಪಿಕಾರ ಹಾಗೆ ಉಚ್ಚರಿಸುತ್ತಿದ್ದನೆಂದು ಹೇಳಲಾಗದು; ಅದು ಅವನು ಕಲಿತ ಬರವಣಿಗೆಯ ರೂಪವಾಗಿರಬಹುದು. ಈ ಪದರಗಳನ್ನು ಬಿಡಿಸಲು ಮೂರು ಉಪಕರಣಗಳಿವೆ.

(ಅ) ಪ್ರಾಸ. ಲಿಪಿಕಾರ ಪದದ ಒಳಗೆ ಕಾಗುಣಿತವನ್ನು ಬದಲಿಸಬಲ್ಲ. ಪ್ರಾಸವನ್ನು ಬದಲಿಸಬೇಕಾದರೆ ನುಡಿಯನ್ನೇ ಮುರಿದು ಕಟ್ಟಬೇಕು. ಆದ್ದರಿಂದ ಪ್ರಾಸಸ್ಥಾನದ ಸಾಕ್ಷ್ಯ ಕವಿಗೆ ಹತ್ತಿರದ್ದು. ‘ಮನೆ’ ಎಂದು ಬರೆದ ಪದ ‘ಧ್ವನಿ’, ‘ಹನಿ’ಗಳೊಂದಿಗೆ ಅಂತ್ಯಪ್ರಾಸದಲ್ಲಿ ಬಂದರೆ, ಬರೆದದ್ದು ಎಕಾರವಾದರೂ ಕವಿ ಕೇಳಿಸಿಕೊಂಡದ್ದು ಇಕಾರ ಎನ್ನಬಹುದು. ಒಂದು ಪ್ರಾಸ ಆಕಸ್ಮಿಕವಿರಬಹುದು. ಒಬ್ಬ ಕವಿಯ ಪದಗಳಲ್ಲಿ ಅದು ಮರುಕಳಿಸಬೇಕು, ಮತ್ತು ಶಿಷ್ಟ ಎಕಾರವೇ ಬೇಕಾಗುವ ಪ್ರಾಸಗಳು ವಿರಳವಾಗಿರಬೇಕು. ಎರಡನ್ನೂ ಎಣಿಸದೆ ತೀರ್ಮಾನಕ್ಕೆ ಬರುವಂತಿಲ್ಲ.

ಆದಿಪ್ರಾಸ ಇನ್ನೊಂದು ಕೆಲಸ ಮಾಡುತ್ತದೆ. ಪ್ರಾಸಾಕ್ಷರದ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಒಂದರೊಡನೆ ಇನ್ನೊಂದನ್ನು ಬೆರೆಸಬಾರದೆಂಬುದು ನಮ್ಮ ಛಂದಶ್ಶಾಸ್ತ್ರದ ನಿಯಮ. ಲಿಪಿ ತೋರಿಸದ ಸ್ವರದ ಉದ್ದವನ್ನು ಪ್ರಾಸ ತೋರಿಸುವುದು ಇಲ್ಲಿ. ನಮ್ಮ ‘ಕೆರಿ’ಗೆ ಮರಳೋಣ. ಅದರ ಜೊತೆಯ ಸಾಲುಗಳು ‘ಮರಿ’, ‘ಅರಿ’ಗಳಿಂದ ಮೊದಲಾದರೆ ಅದು ನೀರಿನ ಕೆರಿ, ‘ದಾರಿ’, ‘ಸೇರಿ’ಗಳಿಂದ ಮೊದಲಾದರೆ ಅದು ಊರಿನ ಕೇರಿ. ಆದರೆ ಹಾಡಿಗಾಗಿ ಹುಟ್ಟಿದ ರಚನೆಗಳು ಈ ನಿಯಮವನ್ನು ಸದಾ ಪಾಲಿಸುವುದಿಲ್ಲ. ತಾಳಕ್ಕಾಗಿ ಹ್ರಸ್ವವನ್ನು ಎಳೆಯುವುದೂ ಉಂಟು. ಆದ್ದರಿಂದ ಆಯಾ ಕವಿ ನಿಯಮವನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾನೆಂಬುದನ್ನು, ಸಂದೇಹಕ್ಕೆ ಎಡೆಯಿಲ್ಲದ ಆಕಾರ, ಊಕಾರಗಳ ಪದಗಳಲ್ಲಿ ಮೊದಲು ಪರೀಕ್ಷಿಸಿಕೊಳ್ಳಬೇಕು.

(ಆ) ವಿಪರೀತ ಕಾಗುಣಿತ. ತನ್ನ ‘ಮನಿ’ಯನ್ನು ‘ಮನೆ’ ಎಂದು ಬರೆಯಬೇಕೆಂದು ಕಲಿತ ಲಿಪಿಕಾರ, ಮೂಲದಲ್ಲೇ ಇಕಾರವಿರುವ ‘ಹಳ್ಳಿ’ಯನ್ನೂ ‘ಹಳ್ಳೆ’ ಎಂದು ಬರೆದುಬಿಡುವ ಸಾಧ್ಯತೆಯಿದೆ. ಇಂಥ ರೂಪ ಯಾವ ಮೂಲಪ್ರತಿಯಿಂದಲೂ ಬಂದಿರಲಾರದು. ಲಿಪಿಕಾರನ ಬಾಯಲ್ಲಿ ಪದಾಂತ್ಯದ ಎಕಾರ–ಇಕಾರಗಳು ಒಂದಾಗಿದ್ದವು ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಸಂಪಾದಕ ಮೊದಲು ತಿದ್ದುವ, ಭಾಷಾಶಾಸ್ತ್ರಜ್ಞ ಮೊದಲು ಹುಡುಕಬೇಕಾದ ರೂಪ ಇದೇ.

(ಇ) ಪ್ರತಿಗಳ ಹೋಲಿಕೆ. ಒಂದೇ ಪದ ಹಲವು ಪ್ರತಿಗಳಲ್ಲಿದ್ದಾಗ ಪ್ರಾಸಸ್ಥಾನದ ರೂಪಗಳು ಸ್ಥಿರವಾಗಿದ್ದು, ಉಳಿದೆಡೆಯ ರೂಪಗಳು ಪ್ರತಿಯಿಂದ ಪ್ರತಿಗೆ ಬದಲಾದರೆ, ಮೊದಲಿನವು ಕವಿಯ ಪದರಕ್ಕೂ ನಂತರದವು ಲಿಪಿಕಾರರ ಪದರಕ್ಕೂ ಸೇರುತ್ತವೆ.

ಲಿಪಿಕಾರನ ಪದರ ಕಡಿಮೆ ಬೆಲೆಯದೆಂದು ಇದರ ಅರ್ಥವಲ್ಲ. ಆಂಗಸ್ ಮ್ಯಾಕಿಂಟಾಷ್, ಎಂ. ಎಲ್. ಸ್ಯಾಮುವೆಲ್ಸ್ ಮತ್ತು ಮೈಕೆಲ್ ಬೆನ್‌ಸ್ಕಿನ್ ಅವರು 1986ರಲ್ಲಿ ಪ್ರಕಟಿಸಿದ ಮಧ್ಯಯುಗದ ಕೊನೆಯ ಇಂಗ್ಲಿಷಿನ ಭಾಷಾ ಭೂಪಟವು ಲಿಪಿಕಾರರ ಕಾಗುಣಿತವನ್ನೇ ಮುಖ್ಯ ಸಾಮಗ್ರಿಯಾಗಿ ಬಳಸಿತು. ಕವಿಯ ಮೂಲವನ್ನು ಕೆಡಿಸಿದವನೆಂದು ದೂರಲ್ಪಟ್ಟಿದ್ದ ಲಿಪಿಕಾರ ಅಲ್ಲಿ ತನ್ನ ಊರಿನ ನುಡಿಯ ಸಾಕ್ಷಿಯಾದ. ಊರೂರಿನ ಮಠಗಳಲ್ಲಿ ಪ್ರತಿಗಳಿರುವ ತತ್ತ್ವಪದ ಪರಂಪರೆಗೆ ಈ ದೃಷ್ಟಿ ಚೆನ್ನಾಗಿ ಒಪ್ಪುತ್ತದೆ.

6. ಕಾಲನಿರ್ಣಯ

ಸ್ವರಪಲ್ಲಟದ ಕಾಲ ತಿಳಿಯಬೇಕಾದರೆ ಪ್ರತಿಯ ಕಾಲ ತಿಳಿದಿರಬೇಕು. ಪ್ರತಿಯ ಅಂತ್ಯದಲ್ಲಿ ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿಸಿ ಕ್ರಿಸ್ತಶಕದ ವರ್ಷವನ್ನು ಸ್ಥೂಲವಾಗಿ ಪಡೆಯಬಹುದು. ಹೈದರಾಬಾದ್ ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷವಾದರೆ 590 ಕೂಡಿಸಬೇಕು. ಇವೆರಡನ್ನೂ ಬಿಟ್ಟು ಸಂವತ್ಸರದ ಹೆಸರನ್ನಷ್ಟೇ ಬರೆದಲ್ಲಿ ತೊಡಕು ಆರಂಭವಾಗುತ್ತದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ‘ಪ್ರಭವ’ 1807–08ರಲ್ಲಿಯೂ 1867–68ರಲ್ಲಿಯೂ 1927–28ರಲ್ಲಿಯೂ ಬಂದಿದೆ. ಮೊದಲನೆಯದು ಸುರಪುರ ನಾಯಕರ ಆಳ್ವಿಕೆಯ ಕಾಲ, ಎರಡನೆಯದು ನಿಜಾಮನದು, ಮೂರನೆಯದು ಅಚ್ಚಿನ ಪುಸ್ತಕಗಳು ಹಳ್ಳಿ ಹೊಕ್ಕ ಕಾಲ. ಮೂರರಲ್ಲಿ ಒಂದನ್ನು ಆರಿಸಲು ತಿಥಿ–ವಾರಗಳ ಹೊಂದಾಣಿಕೆ, ಕಾಗದ, ಮಸಿ, ಅಕ್ಷರದ ಮೋಡಿ ಇವನ್ನೆಲ್ಲ ಸೇರಿಸಿ ನೋಡಬೇಕು.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ‘ಮನಿ’ ಎಂಬ ರೂಪವಿದೆ, ಆದ್ದರಿಂದ ಪ್ರತಿ ಈಚಿನದು ಎಂದು ತೀರ್ಮಾನಿಸಿ, ಅನಂತರ ಅದೇ ಪ್ರತಿಯಿಂದ ‘ಮನಿ’ಯ ಕಾಲವನ್ನು ಹೇಳಿದರೆ ಅದು ಚಕ್ರತರ್ಕ. ಭಾಷೆಯ ಕಾಲವನ್ನು ಪ್ರತಿಯಿಂದ ತಿಳಿಯಬೇಕಾದಾಗ ಪ್ರತಿಯ ಕಾಲವನ್ನು ಭಾಷೆಯಿಂದ ಹೊರಗಿನ ಆಧಾರಗಳಿಂದಲೇ ನಿರ್ಣಯಿಸಬೇಕು.

7. ಎರಡು ಪದರಗಳ ಸಂಪಾದನೆ

ಕನ್ನಡದಲ್ಲಿ ಗ್ರಂಥಸಂಪಾದನೆಗೆ ಗಟ್ಟಿಯಾದ ಶಾಸ್ತ್ರಪರಂಪರೆಯಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ (1964), ಎಂ. ಎಂ. ಕಲಬುರ್ಗಿಯವರ ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ (1972) ಇವು ಅದರ ಆಧಾರಸ್ತಂಭಗಳು. ಕವಿಯ ಮೂಲಪಾಠವನ್ನು ಸಮೀಪಿಸುವುದು ಈ ಶಾಸ್ತ್ರದ ಗುರಿ; ವ್ಯಾಕರಣ–ಛಂದಸ್ಸುಗಳಿಂದ ಬಿಗಿಗೊಂಡ ಪ್ರೌಢಕಾವ್ಯಗಳಿಗೆ ಆ ಗುರಿ ಸಹಜ. ಹಾಡಿನಲ್ಲಿ ಬೆಳೆದು ಹಲವು ಕೈಗಳಲ್ಲಿ ಹರಡಿದ ತತ್ತ್ವಪದಕ್ಕೆ ಏಕೈಕ ಮೂಲಪಾಠವೆಂಬ ಕಲ್ಪನೆ ಪೂರ್ತಿ ಒಪ್ಪುವುದಿಲ್ಲ. ಓದುಗನಿಗೆ ತಿಳಿಯಾದ ಪಾಠ ಬೇಕೆಂಬುದೂ ನ್ಯಾಯವೇ. ಆದ್ದರಿಂದ ಎರಡು ಪದರಗಳನ್ನು ಸೂಚಿಸುತ್ತೇವೆ: ಪ್ರತಿಯಲ್ಲಿದ್ದುದನ್ನು ಇದ್ದಂತೆ ಕೊಡುವ ಯಥಾಪ್ರತಿ ಪಾಠ, ಮತ್ತು ಪದಚ್ಛೇದ ಮಾಡಿ ಸ್ವರಗಳ ಉದ್ದವನ್ನು ನಿರ್ಣಯಿಸಿದ ಓದುಪಾಠ. ಓದುಪಾಠದಲ್ಲಿಯೂ ಮೊದಲ ಎರಡು ಬಗೆಯ ಬರವಣಿಗೆಯನ್ನು ಮಾತ್ರ ತಿದ್ದಿ, ಮೂರನೆಯ ಬಗೆಯನ್ನು ಉಳಿಸಬೇಕು. ‘ಬಂದ್ದು’ ‘ಬಂದು’ ಆಗಲಿ. ‘ಬ್ಯಾಳಿ’ ‘ಬ್ಯಾಳಿ’ಯಾಗಿಯೇ ಇರಲಿ.

ಗಣಕದಲ್ಲಿ ಯಥಾಪ್ರತಿ ಪಾಠ ಸಿದ್ಧಪಡಿಸುವಾಗ ಒಂದು ಸಣ್ಣ ಪ್ರಶ್ನೆ ಏಳುತ್ತದೆ. ಪ್ರತಿಯಲ್ಲಿ ಉದ್ದದ ಭೇದವೇ ಇಲ್ಲ. ಯುನಿಕೋಡಿನಲ್ಲಿ ‘ಕೆ’ ಅಥವಾ ‘ಕೇ’ ಒಂದನ್ನು ಆರಿಸಲೇಬೇಕು. ದೀರ್ಘದ ಚಿಹ್ನೆ ಇಲ್ಲದೆಡೆಯೆಲ್ಲ ಹ್ರಸ್ವವನ್ನೇ ಬರೆದು, ಅದು ಹ್ರಸ್ವೋಚ್ಚಾರವನ್ನು ಸೂಚಿಸುವುದಿಲ್ಲವೆಂದು ಪೀಠಿಕೆಯಲ್ಲಿ ಹೇಳುವುದು ಸರಳವಾದ ನಿಯಮ. ಹಳೆಯ ಬರಹದ ನಕಾರ ಪೊಲ್ಲಿಗೆ 2021ರ ಯುನಿಕೋಡ್ 14ನೆಯ ಆವೃತ್ತಿಯಿಂದ ಪ್ರತ್ಯೇಕ ಸ್ಥಾನ ದೊರೆತಿದೆ. ಅದನ್ನು ಸಾಮಾನ್ಯ ‘ನ್’ ಆಗಿ ಬದಲಿಸುವ ಅಗತ್ಯ ಈಗ ಉಳಿದಿಲ್ಲ. ಪ್ರತಿಯೊಂದು ಪಾಠದೊಂದಿಗೆ ಪ್ರತಿ ದೊರೆತ ಊರು, ಲಿಪಿಕಾರನ ಹೆಸರು, ಕಾಲೋಲ್ಲೇಖ, ಬರೆದ ಸಾಮಗ್ರಿ ಇವನ್ನು ದಾಖಲಿಸುವುದು ಕಡ್ಡಾಯವಾಗಬೇಕು. ಊರಿನ ಹೆಸರಿಲ್ಲದ ಪ್ರತಿ ಸಾಹಿತ್ಯಕ್ಕೆ ಉಪಯುಕ್ತವಾಗಿ ಉಳಿಯಬಹುದು. ಉಪಭಾಷಾ ಚರಿತ್ರೆಯ ಪಾಲಿಗೆ ಅದು ಮುಕ್ಕಾಲು ಪಾಲು ಕಳೆದುಹೋದಂತೆ.

8. ಸಮಾರೋಪ

ಶಾಸನಗಳಿಂದ ಹಳಗನ್ನಡದ, ಪ್ರೌಢಕಾವ್ಯಗಳಿಂದ ನಡುಗನ್ನಡದ ಚರಿತ್ರೆಯನ್ನು ನಾವು ಕಟ್ಟಿದ್ದೇವೆ. ಇಂದಿನ ಉಪಭಾಷೆಗಳು ಹೇಗೆ ರೂಪುಗೊಂಡವೆಂಬ ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಇಂಥ ಪ್ರತಿಗಳಲ್ಲಿದೆ. ಅವುಗಳನ್ನು ಶಿಷ್ಟ ಕನ್ನಡಕ್ಕೆ ತಿದ್ದಿ ಅಚ್ಚು ಮಾಡುವುದು ಕವಿಗೆ ಗೌರವ ತೋರಿಸುವ ಕ್ರಮವೆಂದು ನಾವು ಭಾವಿಸುತ್ತ ಬಂದಿದ್ದೇವೆ. ಆದರೆ ಕಡಕೋಳದ, ಚನ್ನೂರಿನ, ಖೈನೂರಿನ ಕವಿಗಳು ತಮ್ಮ ಸುತ್ತಲಿನವರ ನುಡಿಯಲ್ಲೇ ಹಾಡಿದವರು. ಆ ನುಡಿಯನ್ನು ಅಳಿಸಿ ಉಳಿಸಿದ ಗೌರವ ಅಪೂರ್ಣ. ತಿದ್ದಿದ ಪಾಠಗಳೇ ನಾಳೆ ಗಣಕದ ಪಠ್ಯಕೋಶಗಳಿಗೂ ಸೇರಿದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಜನ ಶಿಷ್ಟ ಕನ್ನಡವನ್ನೇ ಹಾಡುತ್ತಿದ್ದರೆಂಬ ಸುಳ್ಳು ಚಿತ್ರ ನಿಲ್ಲುತ್ತದೆ.

ಆದ್ದರಿಂದ ಸಂಶೋಧನ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಸರಳವಾದದ್ದು. ಕಾಲ ಮತ್ತು ಊರು ಖಚಿತವಿರುವ ಒಂದೇ ಒಂದು ಪ್ರತಿಯನ್ನು ಆರಿಸಿಕೊಂಡು, ಅದರ ಪ್ರಾಸಸ್ಥಾನದ ಪದಾಂತ್ಯ ಸ್ವರಗಳನ್ನೂ ವಿಪರೀತ ಕಾಗುಣಿತಗಳನ್ನೂ ತಿದ್ದದೆ ಪಟ್ಟಿ ಮಾಡಲಿ. ‘ಬ್ಯಾಳೆ’ ‘ಬ್ಯಾಳಿ’ಯಾದ ಕಾಲವನ್ನು ಹೇಳಲು ಅಂಥ ಹತ್ತು ಪಟ್ಟಿಗಳು ಸಾಲದಿರಬಹುದು, ಆದರೆ ಆ ಕೆಲಸ ಆರಂಭವಾಗಬೇಕಾದದ್ದು ಅಲ್ಲಿಂದಲೇ.